ಬೆಳ್ಳಗೆ ಕಂಡ ನೀರು

ಎರಚಲು ಬಾರದಿರಲೆಂದು ಕಿಟಕಿಗೆ ಇಳಿಬಿಟ್ಟಿದ್ದ ಕಂಬಳಿ ನಿನ್ನೆಯ ಮಳೆಗೆ ನೆನೆದು, ಮನೆಯೆಲ್ಲ ಹಸಿ ಉಣ್ಣೆಯ ವಾಸನೆ. ಆ ವಾಸನೆ ಬಂದರೆ ಸಾಕು, ಕುರಿ ಕಾಯುತ್ತಿದ್ದ ಪಕ್ಕದ ಮನೆಯ ಅತ್ತೆ ನೆನಪಾಗುತ್ತಾಳೆ. ನಿನ್ನೆ ಆ ವಾಸನೆ ಹಬ್ಬಿದಾಗ ನಾನು ಕಂಪ್ಯೂಟರಿನಲ್ಲಿ ಕೊಂಕಣದ ಸಮುದ್ರ ನೋಡುತ್ತ ಕುಳಿತಿದ್ದೆ. ಉಪಗ್ರಹ ತೆಗೆದ ಚಿತ್ರದಲ್ಲಿ ನೀರಿನ ಬಣ್ಣ ನೋಡಿ, ದಂಡೆಯ ಹತ್ತಿರ ಎಲ್ಲೆಲ್ಲಿ ಎಷ್ಟು ಆಳವೆಂದು ಅಂದಾಜು ಮಾಡುವುದು ನನ್ನ ಕೆಲಸ. ಗಡಿಯಾಚೆ ಮರಾಠಿ ರಾಜ್ಯಕ್ಕೆ ಸೇರಿದ ಉಟಗಿಯಂಥ ಒಣ ಊರಿನಲ್ಲಿ ಕುಳಿತು ಸಮುದ್ರ ಅಳೆಯುವವಳೆಂದು ಉಮದಿ ಬಸ್ಸಿನಲ್ಲಿ ನನ್ನನ್ನು ಚೇಷ್ಟೆ ಮಾಡದವರಿಲ್ಲ.

ಅತ್ತೆಯೂ ಬಣ್ಣ ನೋಡಿಯೇ ಆಳ ಹೇಳುತ್ತಿದ್ದಳು. ಉಣ್ಣೆ ಕತ್ತರಿಸುವ ಮೊದಲು ನಮ್ಮಲ್ಲಿ ಕುರಿಗಳನ್ನು ಕೆರೆಯಲ್ಲಿ ತೊಳೆಯುತ್ತಾರೆ. ಎಲ್ಲಿ ಇಳಿಸಬೇಕೆಂದು ಎಲ್ಲರೂ ಅವಳನ್ನೇ ಕೇಳುತ್ತಿದ್ದರು. ಮೊದಲು ತಾನು ಇಳಿದು ಕರೆಯುತ್ತಿದ್ದಳು, ಕುರಿಗಳು ಹಿಂದೆ ಹೋಗುತ್ತಿದ್ದವು.

"ಕರ್ರಗ ಕಂಡಲ್ಲಿ ಆಳ ಐತಿ ಯವ್ವಾ. ಬೆಳ್ಳಗ ಕಂಡಲ್ಲಿ ಮೊಣಕಾಲ ಮಟಾ ನೀರು," ಎಂದು ನನಗೂ ಕಲಿಸಿದ್ದಳು. ಅವಳು ಬೈಯದೆ ಮಾತಾಡುತ್ತಿದ್ದುದು ಕುರಿಗಳ ಜೊತೆ ಮಾತ್ರ. ಆದರೂ ನನಗೆ ಅವಳೆಂದರೆ ಪ್ರಾಣ.

ನಾನು ಜತ್ತದಲ್ಲಿ ಕಾಲೇಜಿಗೆ ಹೋಗುತ್ತಿದ್ದ ಕಾಲ. ಆ ಬೇಸಿಗೆಯಲ್ಲಿ ಕೆರೆಯ ಹೂಳು ತೆಗೆದು ಹೊಲಗಳಿಗೆ ಸಾಗಿಸಿದರು. ಒಂದು ಮೂಲೆಯಲ್ಲಂತೂ ಕರಿ ಹೂಳು ಮುಗಿದು ಕೆಳಗಿನ ಬಿಳಿ ಮಣ್ಣು ಕಾಣುವ ತನಕ ಅಗೆದಿದ್ದರು. ಅತ್ತೆ ಆಗ ಕುರಿ ಹೊಡೆದುಕೊಂಡು ದೂರದ ಊರುಗಳಲ್ಲಿದ್ದಳು. ಮಳೆಯಾಗಿ, ಕೆರೆಗೆ ನೀರು ಬಂದು ತಿಳಿಯಾದ ಮೇಲೆ ತಿರುಗಿ ಬಂದಳು. ಆ ಮೂಲೆ ಬೆಳ್ಳಗೆ ಕಾಣುತ್ತಿತ್ತು.

"ಅಲ್ಲಿ ಹೂಳು ತಗದಾರಂತಲ್ಲ?" ಎಂದು ದಂಡೆಯಿಂದ ಯಾರೋ ಕೇಳಿದ ನೆನಪು...

"ನನಗ ನೀರು ತೋರಸ್ತಿ ಏನಪಾ?" ಎಂದು ನಕ್ಕು ಇಳಿದಳು.

ಒಮ್ಮೆಲೇ ಸೊಂಟ ಮುಳುಗಿತು. ಆಮೇಲೆ ತಲೆಯ ಮೇಲಿನ ಸೆರಗು, ಆಮೇಲೆ... ಹಿಂದೆ ಹೋದ ಕುರಿಗಳೆಲ್ಲ ಈಜಿ ಆಚೆ ದಂಡೆ ಹತ್ತಿದವು. ಅತ್ತೆಗೆ ಈಜು ಬರುತ್ತಿರಲಿಲ್ಲ. ನಮಗ್ಯಾರಿಗೂ ಬರುತ್ತಿರಲಿಲ್ಲ. ಈಜು ಕಲಿಯುವಷ್ಟು ನೀರು ನಮ್ಮ ಕಡೆ ನಿಂತದ್ದಾದರೂ ಯಾವಾಗ?

ನಿನ್ನೆಯ ಚಿತ್ರದಲ್ಲಿ, ಸಮುದ್ರದ ನೀರು ಇಳಿದಾಗ ಹೆಂಗಸರು ಚಿಪ್ಪು ಆರಿಸಲು ಹೋಗುವ ಜಾಗವೊಂದಿತ್ತು. ತಳದಲ್ಲಿ ಬಿಳಿ ಮರಳು. ಕಂಪ್ಯೂಟರು ಅಲ್ಲಿ ಮೊಣಕಾಲುದ್ದ ನೀರೆಂದಿತು. ಕಚೇರಿಗೆ ಫೋನ್ ಮಾಡಿ, ದೋಣಿಯಿಂದ ಹಗ್ಗ ಇಳಿಸಿ ಅಳೆಸಿರೆಂದೆ. ಯಾಕೆಂದು ಮರಾಠಿಯಲ್ಲಿ ಕೇಳಿದರು. ತಳ ಬಿಳಿ ಇದೆ ಎಂದಷ್ಟೇ ಹೇಳಿದೆ. ಅತ್ತೆಯ ಸಾವನ್ನು ಮರಾಠಿಯಲ್ಲಿ ಹೇಳಲು ನನಗೆ ಬಾಯಿ ಬರಲಿಲ್ಲ.

ಇಂದು ಅಳೆಯುತ್ತಾರಂತೆ. ಕಂಬಳಿ ಇನ್ನೂ ಒಣಗಿಲ್ಲ. ಆ ದಿನ ನಮ್ಮ ಕೆರೆಗೆ ಒಬ್ಬರೂ ಒಂದು ಕೋಲು ಇಳಿಸಿ ನೋಡಲಿಲ್ಲ. ಅತ್ತೆ ಇದ್ದಾಳಲ್ಲ ಎಂದುಕೊಂಡಿದ್ದೆವು.