ಕಮಾನಿನ ಮುಂದೆ ಒಣಗುತ್ತಿದ್ದ ಕುರ್ತಾ

ಸಂಶಯ ನನ್ನ ಹುಟ್ಟುಗುಣ. ಹಾಲು ತಂದವನ ತಂಬಿಗೆಯನ್ನು ಬಗ್ಗಿ ನೋಡಿಯೇ ಹಾಲು ಹಾಕಿಸಿಕೊಳ್ಳುವ ಮನೆತನ ನಮ್ಮದು. ಆದರೆ ಕ್ಯಾಮೆರಾ ಕೊರಳಿಗೆ ಹಾಕಿಕೊಂಡು ತಿರುಗತೊಡಗಿದ ಮೇಲೆ ಊರೂರೇ ನನ್ನನ್ನು ಸಂಶಯದಿಂದ ನೋಡುವಂತಾಯಿತು. ಆಗ ಈ ಗುಣದ ರುಚಿ ಏನೆಂದು ನನಗೂ ಗೊತ್ತಾಯಿತು.

ಬೀದರಿನ ಗಂಜಿನಲ್ಲಿ, ಅಂದರೆ ಧಾನ್ಯದ ಪೇಟೆಯಲ್ಲಿ, ನಮ್ಮದು ಬೇಳೆಕಾಳಿನ ಅಂಗಡಿ. ಗಾದಿಯ ಮೇಲೆ ಕೂತರೆ ನನಗೆ ಬರೀ ಆಕಳಿಕೆ. ಹಳೆಯ ಗೋಡೆ, ಹಳೆಯ ಬಾಗಿಲು ಕಂಡರೆ ಮಾತ್ರ ಜೀವ ಬರುತ್ತಿತ್ತು. ಹೈದರಾಬಾದಿಗೆ ಹೋದಾಗ ಯಾರೋ ಬಳಸಿ ಬಿಟ್ಟ ಡಬ್ಬಿ ಕ್ಯಾಮೆರಾ ಒಂದನ್ನು ತಂದೆ. ನಿಜಾಮರ ಆಳಿಕೆಯಲ್ಲಿ ಕೋಟೆಯ ಬಾಗಿಲ ಮುಂದೆ ಅದನ್ನು ತೆರೆದರೆ ಪೊಲೀಸರು ಬಂದು, ಯಾವ ಚಳವಳಿಯವ ನೀನು ಎನ್ನುತ್ತಿದ್ದರು. ಪೊಲೀಸ್ ಆಕ್ಷನ್ ಆಯಿತು, ನಿಜಾಮರ ಆಳಿಕೆ ಹೋಗಿ ಭಾರತದ ಮಿಲಿಟರಿ ಬಂತು. ಅದೇ ಬಾಗಿಲು, ಅದೇ ಡಬ್ಬಿ. ಈಗ ಬೇರೆ ಟೊಪ್ಪಿಗೆಯವರು ಬಂದು, ಯಾವ ರಜಾಕಾರನ ಕಡೆಯವ ಎಂದು ಕೇಳತೊಡಗಿದರು. ಹಣೆಯ ಮೇಲೆ ಮೂರು ಬೆರಳು ವಿಭೂತಿ ಇದ್ದರೂ ಕೇಳಿದರು!

ಔರಾದಿನವರದು ಇನ್ನೂ ಚೆಂದ. ಅಲ್ಲಿನ ಗುಡಿಯ ಕಂಬಗಳ ಚಿತ್ರ ತೆಗೆಯಲು ಹೋಗಿದ್ದೆ. ಚಿತ್ರ ತೆಗೆದ ಕಟ್ಟಡವನ್ನು ಸರ್ಕಾರ ಜಪ್ತಿ ಮಾಡುತ್ತದೆ ಎಂದು ಯಾರೋ ಹಬ್ಬಿಸಿದ್ದರು. ಊರ ಹಿರಿಯರು ನನ್ನನ್ನು ಬೈಯಲಿಲ್ಲ. ಜೋಳದ ರೊಟ್ಟಿ, ಪುಂಡಿಪಲ್ಯ ಹೊಟ್ಟೆ ಬಿರಿಯುವಷ್ಟು ಉಣ್ಣಿಸಿ, ಕೈಗೆ ನೀರು ಹಾಕಿ, ನೆಟ್ಟಗೆ ಬಸ್ಸು ಹತ್ತಿಸಿ ಕಳಿಸಿದರು. ಬಸ್ಸು ಹೊರಡುವವರೆಗೂ ಇಬ್ಬರು ಕಾಯುತ್ತಲೇ ನಿಂತಿದ್ದರು.

ಭಾಲ್ಕಿಗೆ ಹೋದದ್ದು ಅದಾದ ಮೇಲೆ, ಒಂದು ಚಳಿಗಾಲದಲ್ಲಿ. ಕೋಟೆಯ ಬುರುಜುಗಳ ಚಿತ್ರ ತೆಗೆದು ಮುಗಿಸಿ ಓಣಿಯಲ್ಲಿ ಬರುತ್ತಿದ್ದಾಗ ಒಂದು ಕಲ್ಲಿನ ಕಮಾನು ಕಣ್ಣಿಗೆ ಬಿತ್ತು. ಯಾವುದೋ ಜಾಗೀರಿನ ಕಾಲದ ಮನೆಯ ಬಾಗಿಲು. ಬುಡದಿಂದ ತುದಿಯವರೆಗೆ ಬಳ್ಳಿಯ ಕೆತ್ತನೆ. ಅದನ್ನು ಮುಚ್ಚುವಂತೆ ಅಡ್ಡಕ್ಕೆ ಹಗ್ಗ ಕಟ್ಟಿ ಒಂದು ಗಂಡಸಿನ ಕುರ್ತಾ, ಒಂದು ಪಾಯಜಾಮ ಒಣಹಾಕಿದ್ದರು. ನನಗೆ ಮೈಯೆಲ್ಲ ಉರಿಯಿತು. ಒಣಹಾಕಲು ಒಳಗೆ ಅಂಗಳವಿಲ್ಲವೇ ಇವರಿಗೆ?

ಎದುರಿನ ಕಟ್ಟೆಯ ಮೇಲೆ ಪಾನ್ ಅಂಗಡಿ ಇಟ್ಟುಕೊಂಡಿದ್ದ ವಯಸ್ಸಾದವನೊಬ್ಬ ನನ್ನನ್ನು ಕರೆದ.

"ಫೋಟೋ ತೆಗಿಲಾಕ ಬಂದೀಯೇನು ತಮ್ಮಾ? ಛಲೋ ಆತು. ಒಳಗ ಹೋಗಿ ಆ ಮನ್ಯಾಗ ಗಂಡಸು ಅದಾನೋ ಇಲ್ಲೋ ನೋಡಿ ನನಗ ಹೇಳು."

"ಯಾಕ್ರಿ ಕಾಕಾ?"

"ಮಿಲಿಟರಿ ಬಂದ ಗಲಾಟಿ ದಿನದಾಗ ಆ ಮನಿ ಸಾಹೇಬ ಹೊರಗ ಹೋದವ ತಿರುಗಿ ಬಂದದ್ದು ಯಾರೂ ನೋಡಿಲ್ಲ. ರಾತ್ರಿ ಬಂದಾರ, ಒಳಗ ಅದಾರ, ಮೈಯಾಗ ಆರಾಮಿಲ್ಲ ಅಂತಾಳ ಹೆಂಡ್ತಿ. ಬಟ್ಟಿ ದಿನಾ ಒಣಗ್ತಾವ, ಮಾರಿ ಮಾತ್ರ ಕಾಣವಲ್ದು."

"ಇರದಿದ್ರ ಏನಾಗ್ತದ್ರಿ?"

"ಇರದಿದ್ರ ಮನಿಗಿ ನಾಕ ಮಂದಿ ಕಾದು ಕೂತಾರ. ಒಬ್ಬಾಕಿ ಹೆಣ್ಮಗಳು ಎಷ್ಟು ದಿನ ಅಡ್ಡ ನಿಂದರ್ತಾಳ?"

ಹೇಳುತ್ತ ಹೇಳುತ್ತ ಅವನು ಕಮಾನನ್ನು ಮೇಲಿಂದ ಕೆಳಗೆ ನೋಡಿದ ರೀತಿಯಲ್ಲೇ, ಆ ನಾಲ್ವರಲ್ಲಿ ಒಬ್ಬ ಯಾರೆಂದು ನನಗೆ ತಿಳಿಯಿತು. ಅವನು ನನಗೆ ಸೇರಲಿಲ್ಲ. ಆದರೆ ಅವನು ಬಿತ್ತಿದ ಸಂಶಯ ಮಾತ್ರ ನನ್ನ ಹೊಟ್ಟೆಯಲ್ಲಿ ಕೂತೇಬಿಟ್ಟಿತು.

ಹೆಂಗಸರು ಹೊರಗಿನವರ ಕಣ್ಣಿಗೆ ಬೀಳದ ಗೋಷಾ ಮನೆ. ಪದ್ಧತಿಯಂತೆ ದೂರದಲ್ಲೇ ನಿಂತು ಕೆಮ್ಮಿ, ಬಾಗಿಲ ಚಿಲಕ ಬಡಿದು, ಪರದಾ ಮಾಡ್ರಿ ಎಂದು ಕೂಗಿದೆ. ಒಳಗೆ ಬಳೆ ಸದ್ದಾಯಿತು. ದಪ್ಪ ಪರದೆಯ ಹಿಂದೆ ಯಾರೋ ಬಂದು ನಿಂತರು. ಬಂದ ಕೆಲಸ ಹೇಳಿ, ಚಿತ್ರ ತೆಗೆಯುವಷ್ಟು ಹೊತ್ತು ಬಟ್ಟೆ ಸರಿಸಿಕೊಳ್ಳಲು ಕೇಳಿದೆ.

"ಫೋಟೋ ತೆಗೀರಿ ಭಾಯಿ. ಬಟ್ಟಿ ಮಾತ್ರ ಮುಟ್ಟಬ್ಯಾಡ್ರಿ," ಎಂದಳು ಆಕೆ.

"ಕೆತ್ತನಿ ಕಾಣೂದಿಲ್ರಿ ಆಪಾ."

"ಕಾಣದಿದ್ರ ಬಿಡ್ರಿ. ಅವರು ಸಿಟ್ಟಾಗ್ತಾರ."

ಅವರು ಎಂದರೆ ಯಾರು? ಮಲಗಿದ ರೋಗಿಯೋ, ಬಂದೂಕು ಹಿಡಿದು ಅಡಗಿ ಕೂತವನೋ? ಪರದೆಯ ಸಂದಿಯಿಂದ ಎರಡು ಕಣ್ಣು ನನ್ನನ್ನೇ ನೋಡುತ್ತಿವೆ ಅನ್ನಿಸಿತು. ನಿಜ ಹೇಳಬೇಕೆಂದರೆ ನನಗೆ ಹೆದರಿಕೆಯಾಯಿತು. ಕಮಾನೂ ಬೇಡ, ಬಳ್ಳಿಯೂ ಬೇಡ ಎಂದು ಹೊರಟುಬಿಡಬಹುದಿತ್ತು. ಆದರೆ ರೀಲಿನಲ್ಲಿ ಇನ್ನೂ ಜಾಗವಿತ್ತು, ನನ್ನ ಹಟವೂ ಚಿಕ್ಕದಲ್ಲ. ಬಟ್ಟೆ ಸಮೇತ ಒಂದು ಚಿತ್ರ ತೆಗೆದೆ. ಆಮೇಲೆ ಬುಡದ ಕೆತ್ತನೆಯಾದರೂ ಸಿಗಲಿ ಎಂದು ಹೊಸ್ತಿಲ ಹತ್ತಿರ ಕುಕ್ಕರಗಾಲಲ್ಲಿ ಕೂತೆ.

ಅಲ್ಲಿ ಒಂದು ಜೊತೆ ಗಂಡಸಿನ ಚಪ್ಪಲಿ ಇತ್ತು. ಹೊರಗಿನಿಂದ ಬರುವವರಿಗೆ ಕಾಣಲೆಂದೇ ಬಾಗಿಲ ಕಡೆ ಮುಖ ಮಾಡಿ ಒಪ್ಪವಾಗಿ ಇಟ್ಟಿದ್ದರು. ಬಾಗಿ ನೋಡಿದೆ. ಉಂಗುಷ್ಠದ ಒಳಗೆ ಜೇಡ ಬಲೆ ಕಟ್ಟಿತ್ತು. ಬಲೆಯ ಮೇಲೆ ಧೂಳು ಕೂತಿತ್ತು. ತಲೆಯ ಮೇಲೆ ನೀರು ತೊಟ್ಟಿಕ್ಕುತ್ತಿದ್ದ ಕುರ್ತಾದ ಕೊರಳಪಟ್ಟಿ ನೋಡಿದೆ. ಬೆವರಿನ ಒಂದು ಕಲೆ ಇಲ್ಲ. ಒಗೆದು ಒಗೆದು ಬಟ್ಟೆ ಜಾಳುಜಾಳಾಗಿತ್ತು.

ಅಡಗಿದವನೂ ಇಲ್ಲ, ರೋಗಿಯೂ ಇಲ್ಲ. ಆ ಮನೆಯಲ್ಲಿ ಆಕೆ ಒಬ್ಬಳೇ. ದಿನಾ ಬೆಳಿಗ್ಗೆ ಯಾರೂ ತೊಡದ ಕುರ್ತಾವನ್ನು ತೋಯಿಸಿ ಓಣಿಗೆ ತೋರಿಸುತ್ತಿದ್ದಳು. ಇಟ್ಟ ಚಪ್ಪಲಿಯನ್ನೂ ದಿನಾ ಅಲುಗಿಸಬೇಕೆಂಬುದು ಮಾತ್ರ ಅವಳಿಗೆ ಹೊಳೆದಿರಲಿಲ್ಲ.

ಕ್ಯಾಮೆರಾದ ಮೇಲೆ ತಲೆ ಬಗ್ಗಿಸಿಕೊಂಡೇ ಮೆಲ್ಲಗೆ ಹೇಳಿದೆ: "ಆಪಾ, ಚಪ್ಪಲಿ ಝಾಡಿಸಿ ಇಡ್ರಿ. ಬಲಿ ಕಟ್ಟ್ಯಾದ. ದಿನಾ ಒಂದೀಟು ಜಾಗ ಬದಲಿ ಮಾಡ್ರಿ."

ಆಕೆ ಪರದೆಗೆ ಇನ್ನಷ್ಟು ಹತ್ತಿರ ಬಂದು ಕೇಳಿದಳು: "ಹೊರಗ ಹೋಗಿ ಏನು ಹೇಳ್ತೀರಿ?"

ಕಟ್ಟೆಯ ಮೇಲಿದ್ದವನು ಎದ್ದು ನಿಂತು ನಮ್ಮ ಕಡೆಗೇ ಕಿವಿ ಕೊಟ್ಟಿದ್ದ. ನಾನು ಎದ್ದು, ಪರದೆಯ ಕಡೆ ತಿರುಗಿ, ಗಂಜಿನಲ್ಲಿ ಹಮಾಲರನ್ನು ಕೂಗುವ ದನಿಯಲ್ಲಿ ಕೂಗಿದೆ:

"ಬರ್ತೇನ್ರಿ ಸಾಹೇಬ್ರ! ನೀವೇನು ಏಳಬ್ಯಾಡ್ರಿ, ಮಲ್ಕೋರಿ. ದವಾ ಬಿಡಬ್ಯಾಡ್ರಿ ಮತ್ತ!"

ಒಬ್ಬ ಮನುಷ್ಯ ಉತ್ತರ ಕೊಡುವಷ್ಟು ಹೊತ್ತು ಸುಮ್ಮನೆ ನಿಂತು, ಆಮೇಲೆ "ಆಗಲ್ರಿ, ಆಗಲ್ರಿ" ಎಂದು ಜೋರಾಗಿ ನಕ್ಕೆ. ಪಾನಿನವನು ಮುಖ ಸಿಂಡರಿಸಿಕೊಂಡು ತನ್ನ ಜಾಗಕ್ಕೆ ಹೋಗಿ ಕೂತ.

ನಾನು ಮೆಟ್ಟಿಲು ಇಳಿಯುವಷ್ಟರಲ್ಲಿ ಪರದೆಯ ಹಿಂದಿನಿಂದ ಆಕೆ ಕರೆದಳು. ದನಿ ಒಡೆದಿತ್ತು.

"ಭಾಯಿ, ಇನ್ನೊಮ್ಮಿ ಅವರಿಗಿ ಕರೀರಿ."

ಓಣಿಗೆ ಆಗಲೇ ಕೇಳಿಸಿತ್ತು, ಪಾನಿನವನೂ ಕೇಳಿಸಿಕೊಂಡಿದ್ದ. ಮತ್ತೆ ಯಾಕೆ ಎಂದು ಕೇಳಹೊರಟವನು ತಿರುಗಿ ಮೆಟ್ಟಿಲು ಹತ್ತಿದೆ. ಪರದೆಯ ಹತ್ತಿರ ಹೋಗಿ, ಈ ಸಲ ಆಕೆಗಷ್ಟೇ ಕೇಳುವ ಹಾಗೆ, "ಬರ್ತೇನ್ರಿ ಸಾಹೇಬ್ರ" ಎಂದೆ.