ಪ್ರಸಾದ ತಿಂದು ಥಿಯೇಟರಿಗೆ

ಕಳೆದ ಮಂಗಳವಾರ ನನ್ನ ತಂಗಿಯ ಮಗಳು ಚೈತ್ರಾಳನ್ನು ಆಪರೇಷನ್ ಥಿಯೇಟರಿನ ಬಾಗಿಲಿನಿಂದಲೇ ವಾಪಸ್ ಕಳಿಸಿದರು. ಕಾರಣ, ಒಂದು ಬಾಳೆಹಣ್ಣು.

ಎಂಟು ವರ್ಷದ ಹುಡುಗಿ, ಹರಿಹರದವಳು. ಮೂರು ತಿಂಗಳಿಂದ ಹೊಟ್ಟೆನೋವು, ಹಳದಿ ಕಣ್ಣು. (ಕಾಮಾಲೆ ಅಂತ ಕುಡಿಸಿದ ಬೇರಿನ ರಸ ಎಷ್ಟೋ!) ಸ್ಕ್ಯಾನ್ ಮಾಡಿಸಿದರೆ ಪಿತ್ತನಾಳದಲ್ಲಿ ಕಲ್ಲು. ಹೊಟ್ಟೆ ಕೊಯ್ಯಬೇಕಿಲ್ಲ, ಬಾಯಿಂದ ಎಂಡೋಸ್ಕೋಪಿ ಟ್ಯೂಬ್ ಇಳಿಸಿ ತೆಗೆಯಬಹುದು ಎಂದರು ದಾವಣಗೆರೆಯ ಡಾಕ್ಟರು.

ನಾವು ಬಿಡುತ್ತೇವೆಯೇ? ಮಗುವಿನ ಗಂಟಲಿಗೆ ಅಷ್ಟುದ್ದದ ಟ್ಯೂಬೇ? ಸೇಫಾ? ಅವರೂ ಏನನ್ನೂ ಮುಚ್ಚಿಡಲಿಲ್ಲ. ಮೇದೋಜೀರಕ ಗ್ರಂಥಿ ಊದಿಕೊಳ್ಳಬಹುದು, ಅಪರೂಪಕ್ಕೆ ರಕ್ತ ಹೋಗಬಹುದು, ಆದರೆ ನುರಿತ ಕೈಯಿದ್ದರೆ ಮಕ್ಕಳಿಗೂ ಮಾಡಬಹುದು ಎಂದರು. ನಮಗೆ ಹಾಕಿದ್ದು ಒಂದೇ ಷರತ್ತು: ಖಾಲಿ ಹೊಟ್ಟೆ.

ಹಿಂದಿನ ದಿನವೇ ತಂಗಿ, ಅವಳ ಅತ್ತೆ, ಮಗು ವಿದ್ಯಾನಗರದ ನಮ್ಮ ಮನೆಗೆ ಬಂದಿಳಿದರು. ಬೆಳಿಗ್ಗೆ ಆಟೋದಲ್ಲಿ ಆಸ್ಪತ್ರೆ ಸೇರಿದೆವು.

"ಏನೂ ತಿಂದಿಲ್ಲ ತಾನೆ?" ಡಾಕ್ಟರು ಕೇಳಿದರು.

"ಇಲ್ಲ ಸರ್," ನಾನೇ ಮುಂದಾಗಿ ಹೇಳಿದೆ. ತಂಗಿಯೂ ಇಲ್ಲವೆಂದಳು. ಸುಳ್ಳು ಹೇಳುವ ಉದ್ದೇಶ ಯಾರಿಗೂ ಇರಲಿಲ್ಲ.

ಸಿಸ್ಟರ್‌ಗೆ ಯಾಕೋ ಸಮಾಧಾನವಾಗಲಿಲ್ಲ. ಬಗ್ಗಿ ಮಗುವನ್ನೇ ಕೇಳಿದರು. "ಎದ್ದ ಮ್ಯಾಲೆ ಬಾಯಾಗ ಏನೇನು ಹಾಕ್ಕಂಡೆವ್ವಾ?"

"ಅಜ್ಜಿ ಪೂಜೆ ಮಾಡಿದ್ ಪ್ರಸಾದ. ಬಾಳೆಹಣ್ಣು, ಹಾಲು."

ಎಲ್ಲರೂ ಅಜ್ಜಿಯ ಕಡೆ ತಿರುಗಿದರು.

"ಪ್ರಸಾದ ಹೆಂಗೆ ಊಟ ಆಗ್ತೈತ್ರಿ?" ಅವರಿಗೆ ನಿಜಕ್ಕೂ ಅರ್ಥವಾಗಿರಲಿಲ್ಲ. "ಲಿಂಗಪೂಜೆ ಆದ ಮ್ಯಾಲೆ ಮಗೀಗೆ ಕೊಡ್ದೇ ಇರಾಕಾಗ್ತೈತಾ?"

ಉಪವಾಸದ ದಿನವೂ ಪ್ರಸಾದ ಬಿಡದ ಮನೆಗಳು ನಮ್ಮವು. ಅದನ್ನು ತಿಂಡಿಯ ಜೊತೆ ಯಾರು ಸೇರಿಸುತ್ತಾರೆ? ಆದರೆ ಅನಸ್ತೇಸಿಯಾ ಕೊಟ್ಟ ಮೇಲೆ ಹೊಟ್ಟೆಯಲ್ಲಿದ್ದದ್ದು ಮೇಲೆ ಬಂದು ಶ್ವಾಸಕೋಶಕ್ಕೆ ಹೋದರೆ ಮಗುವಿನ ಜೀವಕ್ಕೇ ಅಪಾಯವಂತೆ. ಡಾಕ್ಟರು ಸಿಟ್ಟಾಗದೆ ಹೇಳಿದರು. ಟ್ಯೂಬಿಗೆ ಅಷ್ಟೊಂದು ಹೆದರಿದ ನಮಗೆ ನಮ್ಮದೇ ಅಡುಗೆಮನೆಯ ಬಗ್ಗೆ ಒಂದಿಷ್ಟೂ ಅನುಮಾನ ಬಂದಿರಲಿಲ್ಲ.

ಸಂಜೆಯವರೆಗೆ ಕಾಯಿಸಿ, ಆಮೇಲೆ ಮಾಡಿದರು. ಕಲ್ಲು ಬಂತು. ಈಗ ಚೈತ್ರಾ ಸ್ಕೂಲಿಗೆ ಹೋಗಲ್ಲ ಅಂತ ಹಟ ಹಿಡಿದಿದ್ದಾಳೆ. (ಅಂದರೆ ಪೂರ್ತಿ ಹುಷಾರಾಗಿದ್ದಾಳೆ.)

ಅವತ್ತು ಮನೆಮಂದಿಯೆಲ್ಲ ಅಜ್ಜಿಯನ್ನು ಬೈದದ್ದೇ ಬೈದದ್ದು. ಅವರು ತಲೆ ತಗ್ಗಿಸಿ ಕೂತರೇ ಹೊರತು ನನ್ನ ಕಡೆ ಬೆರಳು ತೋರಿಸಲಿಲ್ಲ.

ತೋರಿಸಬಹುದಿತ್ತು. ಆ ಬಾಳೆಹಣ್ಣು ಸುಲಿದು ಮಗುವಿನ ಕೈಗಿಟ್ಟವನು ನಾನು.