ಟೊಪ್ಪಿಯವನು ತಟ್ಟಿದ ಬಾಗಿಲು

2023ರ ಮಳೆಗಾಲ ಮುಗಿದ ಹೊಸತು. ಕಡಬ ಪೇಟೆಯಲ್ಲಿ ನನ್ನದು ಟಿ.ವಿ. ರಿಪೇರಿಯ ಅಂಗಡಿ. ಈಗಿನ ಟಿ.ವಿ.ಯನ್ನು ಯಾರೂ ರಿಪೇರಿ ಮಾಡಿಸುವುದಿಲ್ಲ, ಪರದೆ ಹೋದರೆ ಹೊಸತು ತರುತ್ತಾರೆ. ಹಾಗಾಗಿ ನಾನು ಡಿಶ್ ಕಟ್ಟುತ್ತೇನೆ, ತೋಟಗಳಿಗೆ ಸಿಸಿ ಕ್ಯಾಮೆರಾ ಹಾಕುತ್ತೇನೆ. ಆರನೆಯ ತರಗತಿಗೆ ಶಾಲೆ ಬಿಟ್ಟವನು, ಕೈ ಸುಟ್ಟುಕೊಂಡು ಈ ಕೆಲಸ ಕಲಿತವನು. ಬಿಚ್ಚಿದ ಸೆಟ್ಟನ್ನು ಹಾಗೆಯೇ ಚೀಲದಲ್ಲಿ ತುಂಬಿ ಹಿಂದೆ ಕೊಟ್ಟದ್ದು ಈ ತನಕ ಇಲ್ಲ. ಆದರೂ ಇತ್ತೀಚೆಗೆ ದಿನವಿಡೀ ಅಂಗಡಿಯಲ್ಲಿ ಕೂತರೆ ಬಾಗಿಲಿಗೆ ಬರುವವರು ಬಸ್ಸಿನ ಹೊತ್ತು ಕೇಳುವವರು ಮಾತ್ರ.

ಅಂಥ ಒಂದು ಮಧ್ಯಾಹ್ನ ಫೋನ್ ಬಂತು.

“ವಿಡಿಯೋ ಬಾಬಣ್ಣನಾ?”

ಆ ಹೆಸರು ಕೇಳದೆ ಎಷ್ಟೋ ವರ್ಷವಾಗಿತ್ತು. “ಹೌದು, ಯಾರು?”

“ಪೆರಾಬೆಯ ಸೀತಾರಾಮ ರೈ. ನನ್ನ ಪ್ಲೇಯರ್ ಡಿಸ್ಕ್ ತೆಕ್ಕೊಳ್ಳುದಿಲ್ಲ ಮಾರಾಯ್ರೆ. ಬೇಗ ಬರ್ಬೇಕು.”

“ಈ ಕಾಲದಲ್ಲಿ ಡಿಸ್ಕ್ ಯಾರು ಹಾಕ್ತಾರೆ ರೈಗಳೇ?”

“ನಾನು ಹಾಕ್ತೇನೆ. ನೀವು ಮೊದಲು ಬನ್ನಿ, ಮತ್ತೆ ನಗಾಡಿ.”

ನನ್ನನ್ನು ವಿಡಿಯೋ ಬಾಬಣ್ಣ ಎಂದು ಕರೆಯಲು ಕಾರಣವುಂಟು. ಮನೆಮನೆಗೆ ಟಿ.ವಿ. ಬರುವ ಮೊದಲು ನಾನು ಒಂದು ಟಿ.ವಿ., ಒಂದು ವಿ.ಸಿ.ಆರ್., ಒಂದು ಜನರೇಟರ್ ಜೀಪಿಗೆ ಹಾಕಿಕೊಂಡು ಸುಳ್ಯದಿಂದ ಕಾಣಿಯೂರಿನವರೆಗೆ ಹಳ್ಳಿ ಅಂಗಳಗಳಲ್ಲಿ ಸಿನಿಮಾ ತೋರಿಸುತ್ತಿದ್ದೆ. ವಿ.ಸಿ.ಆರ್. ಎಂದರೆ ಕ್ಯಾಸೆಟ್ಟಿನ ಚಿತ್ರವನ್ನು ಟಿ.ವಿ.ಗೆ ಕೊಡುವ ಯಂತ್ರ. ಕೊನೆಗೆ ಹಾಕುವುದು ಒಂದು ಇಂಗ್ಲಿಷ್ ಚಿತ್ರ. ಜನರಿಗೆ ಇಂಗ್ಲಿಷ್ ಬಾರದು. ನನಗೂ ಬಾರದು. ಆದರೆ ಟಿ.ವಿ.ಯ ಪಕ್ಕದಲ್ಲಿ ನಿಂತು ಕತೆ ಹೇಳುವುದು ನನ್ನ ಕೆಲಸ. ಬರೀ ಚಿತ್ರ ತೋರಿಸಿದವನನ್ನು ಎರಡನೆಯ ಸಲ ಯಾರೂ ಕರೆಯುತ್ತಿರಲಿಲ್ಲ.

ಪೆರಾಬೆಯ ಮನೆಗೆ ಹೋದಾಗ ಜಗಲಿಯಲ್ಲಿ ರೈಗಳ ಅಕ್ಕ ಸರೋಜಕ್ಕ ಅಡಿಕೆ ಸುಲಿಯುತ್ತಿದ್ದರು. ಗಂಡ ತೀರಿದ ಮೇಲೆ ತಮ್ಮನ ಜೊತೆಯಲ್ಲೇ ಇರುವವರು.

“ಬನ್ನಿ ಬಾಬಣ್ಣ. ಕಣ್ಣು ಕಾಣದವನಿಗೆ ಲಂಡನಿನಿಂದ ಸಿನಿಮಾ ಬಂದುಂಟು. ಬರುವಾಗ ಒಂದು ಕನ್ನಡಿಯೂ ತಂದಿದ್ರೆ ಆಗ್ತಿತ್ತು, ಮುಖ ನೋಡ್ಲಿಕ್ಕೆ.”

ಒಳಗಿನಿಂದ ರೈಗಳ ದನಿ. “ಅಕ್ಕನ ಬಾಯಿಗೆ ಎಂತಾದ್ರೂ ರಿಮೋಟ್ ಉಂಟಾ ಬಾಬಣ್ಣ, ನೋಡಿ.”

ಆಗ ನನಗೆ ವಿಷಯ ತಿಳಿದದ್ದು. ಕಡಬದಲ್ಲಿ ರಬ್ಬರ್ ಶೀಟಿನ ವ್ಯಾಪಾರ ಮಾಡಿಕೊಂಡಿದ್ದ ಈ ರೈಗಳಿಗೆ ಮದುವೆಯಾಗಿರಲಿಲ್ಲ. ಶುಗರಿನಿಂದ ಎಡಗಣ್ಣು ಪೂರ್ತಿ ಹೋಗಿತ್ತು, ಬಲಗಣ್ಣಿಗೆ ಬೆಳಕು ಕತ್ತಲೆಯ ಅಂತರ ಮಾತ್ರ ತಿಳಿಯುತ್ತಿತ್ತು. ಗೋಡೆ ಸವರಿಕೊಂಡು ಬಂದು ನನ್ನ ಕೈ ಹಿಡಿದು ಕೋಣೆಗೆ ಕರೆದುಕೊಂಡು ಹೋದರು. ಗೋಡೆ ತುಂಬ ಡಿಸ್ಕುಗಳು. ಮೇಜಿನ ಮೇಲೆ ಒಂದು ಭಾರದ ಪೆಟ್ಟಿಗೆ. ತಗಡಿನ ಹೊದಿಕೆ, ದಪ್ಪ ಕಾಗದದ ಪುಸ್ತಕ, ಎರಡು ಡಿಸ್ಕ್. ಹೊದಿಕೆಯ ಚಿತ್ರ ನೋಡಿದ ಕೂಡಲೇ ಗುರುತು ಸಿಕ್ಕಿತು. ಟೊಪ್ಪಿ ಹಾಕಿದ, ಕುಂಟುವ ಹೆಣ.

ಸತ್ತವರು ಎದ್ದು ಬರುವ ಆ ಕಪ್ಪು ಬಿಳುಪು ಚಿತ್ರ ನನ್ನ ಜೀಪಿನಲ್ಲಿ ಅತಿ ಹೆಚ್ಚು ತಿರುಗಿದ್ದು. ಆಸ್ಪತ್ರೆಯ ಹೆಣಗಳೆಲ್ಲ ಎದ್ದು ಪೇಟೆಗೆ ನುಗ್ಗುತ್ತವೆ, ಬದುಕಿದ ನಾಲ್ಕು ಜನ ಪೆಟ್ರೋಲ್ ಬಂಕಿನಲ್ಲಿ ಅಡಗುತ್ತಾರೆ. ಹೆಣಗಳ ನಡುವೆ ಟೊಪ್ಪಿಯವನೊಬ್ಬ ಯಾರನ್ನೂ ಮುಟ್ಟದೆ ಅಲೆಯುತ್ತಿರುತ್ತಾನೆ.

ರೈಗಳು ಪೆಟ್ಟಿಗೆಯ ಮೇಲೆ ಕೈಯಿಟ್ಟು ಹೇಳಿದರು. “ಹತ್ತು ವರ್ಷದವನಿದ್ದಾಗ ಈ ಅಂಗಳದಲ್ಲೇ ನೀವು ತೋರಿಸಿದ್ದು. ಕೊನೆಗೆ ಟೊಪ್ಪಿಯವ ಮನೆಗೆ ಹೋಗಿ ಬಾಗಿಲು ತಟ್ಟುದು, ಅಲ್ವಾ? ದೊಡ್ಡವನಾದ ಮೇಲೆ ಡಿಸ್ಕ್ ತರಿಸಿದೆ. ಅದ್ರಲ್ಲಿ ಎಲ್ಲ ಹೆಣ ಲಾರಿಗೆ ಹಾಕಿ ಸುಡುದು, ಟೊಪ್ಪಿಯವನನ್ನೂ. ಬಾಗಿಲು ಇಲ್ಲ. ಇನ್ನೊಂದು ಕಂಪೆನಿಯದು ತರಿಸಿದೆ, ಅದ್ರಲ್ಲೂ ಇಲ್ಲ. ನಿಮ್ಮ ಕ್ಯಾಸೆಟ್ಟಲ್ಲಿ ಬೇರೆ ಕೊನೆ ಇದ್ದದ್ದು ಅಂತ ಲೆಕ್ಕ ಹಾಕಿದೆ. ಈ ಪೆಟ್ಟಿಗೆಯಲ್ಲಿ ಕತ್ತರಿಸಿ ತೆಗೆದ ಸೀನುಗಳೆಲ್ಲ ಉಂಟಂತೆ. ಆರ್ಡರ್ ಮಾಡುವಾಗ ಕಣ್ಣಿತ್ತು.”

ಮತ್ತೆ ದನಿ ತಗ್ಗಿಸಿದರು. “ಅಕ್ಕನಿಗೆ ಇದೆಲ್ಲ ಹುಚ್ಚು. ನೀವು ನೋಡಿ ಹೇಳ್ಬೇಕು. ನನ್ನನ್ನು ಬಿಟ್ರೆ ಆ ಬಾಗಿಲು ಗೊತ್ತಿರುವವರು ನೀವೊಬ್ಬರೇ.”

ನನ್ನ ಕ್ಯಾಸೆಟ್ಟು ನಕಲಿನ ನಕಲು. ಒಂದರಿಂದ ಇನ್ನೊಂದಕ್ಕೆ ಇಳಿಸುತ್ತಾ ಹೋದ ಹಾಗೆ ಚಿತ್ರ ಮಸುಕಾಗುತ್ತದೆ. ಅದರ ಕೊನೆಯ ಏಳೆಂಟು ನಿಮಿಷ ಪೂರಾ ಕಪ್ಪು, ನೆರಳು ಅಲುಗಾಡಿದ ಹಾಗೆ ಕಾಣುತ್ತಿತ್ತು, ಸ್ವರವೂ ಇರಲಿಲ್ಲ. ಜನರನ್ನು ಅರ್ಧ ಕತೆಯಲ್ಲಿ ಮನೆಗೆ ಕಳುಹಿಸುವುದು ನನ್ನ ಕ್ರಮವಲ್ಲ. ಆ ಕಪ್ಪಿನ ಮೇಲೆ ನನಗೆ ತೋಚಿದ್ದು ಹೇಳುತ್ತಿದ್ದೆ. ಅಲ್ಲಿ ನಿಜಕ್ಕೂ ಏನಿತ್ತೆಂದು ನನಗೇ ಗೊತ್ತಿರಲಿಲ್ಲ. ಅದಕ್ಕೇ ಏನೂ ಹೇಳದೆ ಸ್ಕ್ರೂಡ್ರೈವರ್ ತೆಗೆದೆ. ಒಳಗೊಳಗೆ ನನಗೂ ಒಂದು ಆಸೆ, ನಾನು ಹೇಳಿದ್ದು ಎಲ್ಲಾದರೂ ಹೌದಾಗಿದ್ದರೆ?

ಪ್ಲೇಯರ್ ಬಿಚ್ಚಿ ಲೆನ್ಸ್ ಒರೆಸಿದೆ. ಡಿಸ್ಕ್ ಒಳಗೆ ಹೋಗುತ್ತದೆ, ಹೊರಗೆ ಬರುತ್ತದೆ. ಟ್ರೇ ಎಳೆಯುವ ಬೆಲ್ಟನ್ನೂ ಬದಲಾಯಿಸಿದೆ. ಬೇರೆ ಡಿಸ್ಕ್ ಹಾಕಿ ನೋಡಬೇಕೆಂದು ತೋಚಿದ್ದು ಆಮೇಲೆ. ಅದು ಚಂದಕ್ಕೆ ಓಡಿತು. ತಗಡಿನ ಪೆಟ್ಟಿಗೆ ತಿರುಗಿಸಿ ನೋಡಿದರೆ ಹಿಂದೆ ಸಣ್ಣದಾಗಿ ಒಂದು ‘ಬಿ’. ಡಿವಿಡಿಯ ನಂತರ ಬಂದ ಈ ಬ್ಲೂ-ರೇ ಡಿಸ್ಕುಗಳಿಗೆ ರೀಜನ್ ಕೋಡ್ ಎಂಬುದುಂಟು. ಕಂಪೆನಿಯವರು ಲೋಕವನ್ನು ಎ, ಬಿ, ಸಿ ಎಂದು ಪಾಲು ಮಾಡಿದ್ದಾರೆ. ನಮ್ಮ ದೇಶ ಸಿ, ಲಂಡನ್ ಬಿ. ಒಂದು ಪಾಲಿನ ಡಿಸ್ಕ್ ಇನ್ನೊಂದು ಪಾಲಿನ ಪ್ಲೇಯರಿನಲ್ಲಿ ಓಡದು.

“ಯಂತ್ರಕ್ಕೆ ಎಂತದೂ ಆಗ್ಲಿಲ್ಲ ರೈಗಳೇ. ಗಡಿ ತಕರಾರು.”

“ಹೆಣಕ್ಕೂ ಪಾಸ್‌ಪೋರ್ಟ್ ಬೇಕಾ ಮಾರಾಯ್ರೆ!” ಎಂದು ನಕ್ಕರು. ನಗುವಾಗ ಅವರ ಮುಖ ನನ್ನ ಕಡೆ ಇರಲಿಲ್ಲ, ಕಿಟಕಿಯ ಕಡೆ ಇತ್ತು.

ಗಲ್ಫ್ ದೇಶಗಳೂ ಬಿ ಪಾಲಿನಲ್ಲೇ ಬರುತ್ತವೆ. ದುಬೈಯಲ್ಲಿದ್ದು ಬಂದ ಪುತ್ತೂರಿನ ಪರಿಚಯದವರೊಬ್ಬರ ಅಟ್ಟದಲ್ಲಿ ಅಲ್ಲಿನದೇ ಒಂದು ಪ್ಲೇಯರ್ ಸಿಕ್ಕಿತು. ಧೂಳು ಕೊಡವಿ, ಅಂಗಡಿಯಲ್ಲಿ ಒಂದು ದಿನ ಓಡಿಸಿ ನೋಡಿ, ಆ ವಾರವೇ ಪೆರಾಬೆಗೆ ಹೊತ್ತುಕೊಂಡು ಹೋದೆ. ಹೊಸ ಅಂಗಿ ಹಾಕಿದ್ದೆ. ಯಾಕೆಂದು ಈಗ ಕೇಳಿದರೆ ಹೇಳಲು ಬಾರದು.

ಮೊದಲು ಸಿನಿಮಾ ಹಾಕಿದೆವು. ಎಂಥಾ ಚಿತ್ರ! ನನ್ನ ಕ್ಯಾಸೆಟ್ಟಿನಲ್ಲಿ ಬೂದಿಯ ಹಾಗೆ ಕಂಡದ್ದು ಇಲ್ಲಿ ಎಲೆ ಎಲೆಯಾಗಿ ಕಾಣುತ್ತಿತ್ತು. ನಾನು ಟಿ.ವಿ.ಯ ಪಕ್ಕದಲ್ಲಿ ನಿಂತೇ ಹೇಳಿದೆ. ನಾಲಿಗೆ ಮೊದಲು ತಡವರಿಸಿತು, ಮತ್ತೆ ಸರಿಯಾಯಿತು. ಕೊನೆಯ ಆ ನಿಮಿಷಗಳನ್ನು ನಾನು ಮೊದಲ ಸಲ ಕಂಡದ್ದು ಅಂದೇ. ಹಗಲಿನ ದೃಶ್ಯ. ರೈಗಳು ಹೇಳಿದ ಹಾಗೆಯೇ, ಲಾರಿ, ಬೆಂಕಿ, ನೆಲದಲ್ಲಿ ಬಿದ್ದ ಟೊಪ್ಪಿ.

“ಇದು ಬಿಡಿ. ಎರಡನೇದು ಹಾಕಿ” ಎಂದರು.

ಎರಡನೆಯ ಡಿಸ್ಕಿನಲ್ಲಿ ಮಾತುಕತೆ, ಪೋಸ್ಟರು, ಕತ್ತರಿಸಿದ ದೃಶ್ಯಗಳು. ರೈಗಳು ಕುರ್ಚಿಯ ತುದಿಗೆ ಬಂದು ಕೂತರು. ಬಂಕಿನೊಳಗಿನ ಒಂದು ಜಗಳ. ನರ್ಸು ಓಡುವುದು. ಟೊಪ್ಪಿಯವನು ಸೇತುವೆ ದಾಟುವುದು.

“ಸೇತುವೆ ದಾಟಿದನಾ? ಮನೆ ಆಚೆಯೇ ಇರ್ಬೇಕು. ಬಾಗಿಲು ಬಂತಾ?”

ಪರದೆಯಲ್ಲಿ ಸೇತುವೆ ಮುಗಿದು ಪುನಃ ದೃಶ್ಯಗಳ ಪಟ್ಟಿ ಬಂದು ನಿಂತಿತ್ತು. ಬೇರೆ ದೃಶ್ಯವಿರಲಿಲ್ಲ. ಬಂತು ಎಂದರೆ ಸಾಕಿತ್ತು. ಅವರಿಗೆ ಕಾಣುವುದಿಲ್ಲ, ಬಲಗಣ್ಣಿಗೆ ಬೆಳಕು ಮಾತ್ರ. ಎರಡು ಮಾತು ಸೇರಿಸಿ ಹೇಳುವುದು ನನಗೆ ದೊಡ್ಡದಲ್ಲ, ಅದರಲ್ಲೇ ಊರೂರು ತಿರುಗಿದವನು. ಆದರೆ ಈ ಮನುಷ್ಯ ನನ್ನನ್ನು ಕರೆಸಿದ್ದು ನೋಡಿ ಹೇಳಲಿಕ್ಕೆ.

“ಬರ್ಲಿಲ್ಲ ರೈಗಳೇ. ಇದ್ರಲ್ಲಿ ಇಲ್ಲ. ಎಲ್ಲಿಯೂ ಇಲ್ಲ. ನನ್ನ ಕ್ಯಾಸೆಟ್ಟಲ್ಲಿ ಕೊನೆಗೆ ಬರೀ ಕಪ್ಪು. ಬಾಗಿಲು ನಾನು ಹೇಳಿದ್ದು.”

ಅವರು ಪೆಟ್ಟಿಗೆಯ ಮೂಲೆಯನ್ನು ಬೆರಳಿನಿಂದ ಉಜ್ಜುತ್ತಾ ಇದ್ದರು.

“ನಾನು ಕಂಡದ್ದು ನೆನಪುಂಟಲ್ಲ ಬಾಬಣ್ಣ. ಮರದ ಬಾಗಿಲು. ಚಿಲಕ ಸಮೇತ.”

“ಕಪ್ಪೇ ಇದ್ದದ್ದು.”

“ಲಂಡನ್, ಜರ್ಮನಿ, ಎಲ್ಲಿಂದೆಲ್ಲ ತರಿಸಿದೆ ಮಾರಾಯ್ರೆ. ಇದ್ದದ್ದು ಕಡಬದಲ್ಲಿ, ನಿಮ್ಮ ಬಾಯಲ್ಲಾ?” ಎಂದರು. ಸಿಟ್ಟೋ ನಗುವೋ ಗೊತ್ತಾಗಲಿಲ್ಲ. “ಅಪ್ಪ ಮುಂಬೈಗೆ ಹೋಟೆಲ್ ಕೆಲಸಕ್ಕೆ ಅಂತ ಹೋದವರು ಬರ್ಲಿಲ್ಲ, ನಿಮ್ಗೆ ಗೊತ್ತಿರ್ಲಿಕ್ಕಿಲ್ಲ. ಆಯ್ತು. ಹೇಳಿ ಹಾಗಾದ್ರೆ. ನಿಮ್ಮದೇ ಅಲ್ವಾ, ಹೇಳಿ.”

ನಾನು ಬಾಯಿ ತೆರೆದೆ. ಒಂದೊಂದು ಅಂಗಳದಲ್ಲಿ ಒಂದೊಂದು ತರ ಹೇಳಿದವನು, ಪೆರಾಬೆಯಲ್ಲಿ ಹೇಗೆ ಹೇಳಿದ್ದೆ? ಬಾಗಿಲು ತಟ್ಟಿದ್ದರ ಆಚೆಗೆ ಒಂದು ಮಾತೂ ನೆನಪಿಗೆ ಬರಲಿಲ್ಲ. ಅಷ್ಟು ವರ್ಷದ ಕೆಲಸದಲ್ಲಿ ನನಗೆ ಅಂಥ ನಾಚಿಕೆ ಆದದ್ದಿಲ್ಲ.

“ಮರೆತು ಹೋಗಿದೆ” ಎಂದೆ.

ಆಗ ಅವರು ಹೇಳಲು ಶುರುಮಾಡಿದರು. ನನ್ನದೇ ಧಾಟಿ, ಉಸಿರು ತೆಗೆದುಕೊಳ್ಳುವ ಜಾಗ ಕೂಡ ನನ್ನದೇ.

“ಟೊಪ್ಪಿಯವ ಬಂದ. ಕುಂಟಿಕೊಂಡು ಬಂದ. ಬಾಗಿಲು ತಟ್ಟಿದ. ಒಳಗಿನಿಂದ ಹೆಂಡತಿ ಯಾರು ಅಂತ ಕೇಳಿದ್ಳು. ಸತ್ತವನಿಗೆ ಮಾತುಂಟಾ? ಟೊಪ್ಪಿ ತೆಗೆದ, ಗೋಡೆಯ ಮೊಳೆಗೆ ನೇತುಹಾಕಿದ, ದಿನಾ ಹಾಕುವ ಹಾಗೆ. ಅವಳು ಕಿಟಕಿಯಲ್ಲಿ ಟೊಪ್ಪಿ ಕಂಡ್ಳು. ಬಾಗಿಲು ತೆಗೆದ್ಳು. ಹೆದರ್ಲಿಲ್ಲ, ಕೂಗ್ಲಿಲ್ಲ. ಇಷ್ಟು ತಡವಾ, ಊಟ ಆಯ್ತಾ ಅಂತ ಕೇಳಿದ್ಳು...”

ಅಲ್ಲಿಗೆ ಅವರ ದನಿ ನಿಂತಿತು. ಬಾಗಿಲ ಬಳಿಯಿಂದ ಇನ್ನೊಂದು ದನಿ ಬಂತು. ಸರೋಜಕ್ಕ ಎಷ್ಟು ಹೊತ್ತಿನಿಂದ ಅಲ್ಲಿ ನಿಂತಿದ್ದರೋ, ಸೆರಗಿಗೆ ಅಡಿಕೆ ಸಿಪ್ಪೆ ಅಂಟಿಕೊಂಡಿತ್ತು.

“ಕಾಲು ತೊಳೆದು ಬಾ, ಬಡಿಸ್ತೇನೆ ಅಂದ್ಳು” ಎಂದರು. ಅಷ್ಟು ಹೇಳಿ ಒಳಗೆ ಹೋದರು.

ಪ್ಲೇಯರನ್ನು ಅಲ್ಲೇ ಬಿಟ್ಟು ಬಂದೆ. ರೈಗಳು ಬೇಡವೆಂದರೂ ಬಿಟ್ಟೆ. ಬಸ್ಸು ಸಿಗಲಿಲ್ಲ, ಬಾಡಿಗೆ ಜೀಪಿನಲ್ಲಿ ಕಡಬಕ್ಕೆ ಬಂದು ಮನೆಯ ಬೀಗ ತೆಗೆದೆ. ಹೆಂಡತಿ ತೀರಿಹೋದ ಮೇಲೆ ಬೀಗ ತೆಗೆಯುವವನು ನಾನೇ, ಹಾಕುವವನೂ ನಾನೇ. ಬಾಗಿಲಲ್ಲಿ ಸ್ವಲ್ಪ ಹೊತ್ತು ನಿಂತೆ. ಮತ್ತೆ ಕಾಲು ತೊಳೆದು ಒಳಗೆ ಹೋದೆ.

ನಾನು ಹೊತ್ತು ತಿರುಗಿದ ಕ್ಯಾಸೆಟ್ಟುಗಳಿಗೆಲ್ಲ ಬೂಷ್ಟು ಹಿಡಿದು ಬಿಸಾಡಿ ಆಯಿತು. ವಿ.ಸಿ.ಆರ್. ಗುಜರಿಗೆ ಹೋಯಿತು. ಚಿತ್ರ ಚೆನ್ನಾಗಿ ಬರಬೇಕು, ಸ್ವರ ಸರಿ ಕೇಳಬೇಕು ಎಂದು ಟೇಪು ಓದುವ ಹೆಡ್ ಒರೆಸಿ ಒರೆಸಿ ಬೆರಳು ಸವೆಸಿದವನು ನಾನು. ಅದು ಯಾವುದೂ ಯಾರಲ್ಲಿಯೂ ಉಳಿದಿಲ್ಲ. ಪರದೆಯಲ್ಲಿ ಏನೂ ಇಲ್ಲದ ಆ ಏಳೆಂಟು ನಿಮಿಷ ನಾನು ಸುಮ್ಮನೆ ನಿಲ್ಲಲಿಲ್ಲವಲ್ಲ, ಪೆರಾಬೆಯ ಒಂದು ಮನೆಯಲ್ಲಿ ಉಳಿದದ್ದು ಅದು ಮಾತ್ರ.